ಹಬ್ಬದ ರಜೆ, ಖಾಲಿ ಜೇಬು

ನಾಳೆ ಸಂಕ್ರಾಂತಿ ರಜೆ, ಆದ್ರೆ ಸಂಬಳ ಇನ್ನೂ ಆಗಿಲ್ಲ, ಅಕೌಂಟಲ್ಲಿ ಇರೋದು 640 ರೂಪಾಯಿ, ಹಬ್ಬದ ಬಸ್ ರೇಟ್ ನೋಡಿದ್ರೇನೇ ಹೊಟ್ಟೆ ಉರಿಯುತ್ತೆ. ಅಮ್ಮ ಬೆಳಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ರು, ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚಿಟ್ಟಿದೀನಿ ಬಾರೋ ಅಂತ.

ಯಾಕೋ 2010ರ ಸಂಕ್ರಾಂತಿ ನೆನಪಾಯ್ತು. ಮೈಸೂರಿನ ಮಾನಸಗಂಗೋತ್ರಿ ಗ್ರೌಂಡಲ್ಲಿ ಮುಂಬೈ ಮೇಲೆ ಕರ್ನಾಟಕದ ರಣಜಿ ಕ್ರಿಕೆಟ್ ಫೈನಲ್, ಗೆಲ್ಲೋಕೆ 338 ಹೊಡೀಬೇಕಿತ್ತು, ಮನೀಶ್ ಪಾಂಡೆ 144 ಹೊಡೆದು ಔಟಾದ್ಮೇಲೂ ನಾವು ಆಸೆ ಬಿಟ್ಟಿರ್ಲಿಲ್ಲ, ಕೊನೆಗೆ 331ಕ್ಕೆ ಆಲೌಟ್, ಬರೀ ಆರು ರನ್ನಲ್ಲಿ ಹೋಯ್ತು! ಜೇಬಲ್ಲಿದ್ದ ಎಳ್ಳು ಬೆಲ್ಲದ ಪೊಟ್ಟಣ ಹಾಗೇ ಉಳ್ದಿತ್ತು, ಯಾರೂ ಬಾಯಿಗೆ ಹಾಕ್ಕೊಳ್ಲಿಲ್ಲ. ಅವತ್ತು ಅತ್ತಿದ್ದೆ, ಆದ್ರೂ ಅಷ್ಟು ಚೆನ್ನಾಗಿದ್ದ ರಜೆ ನಂಗೆ ಇನ್ನೊಂದು ಸಿಕ್ಕಿಲ್ಲ.

ಫ್ರೆಂಡ್ ಹತ್ರ ಸಾಲ ಕೇಳಿದೀನಿ, ಸಿಕ್ರೆ ರಾತ್ರಿ ಬಸ್ಸಿಗೇ ಹೊರಡ್ತೀನಿ.