ಗಾಣದ ಲಾಭ ಹಿಂಡಿಯಲ್ಲಿದೆ

ಶಿರಾ, ಮಧುಗಿರಿ, ಪಾವಗಡದ ಕಡೆ ಮರದ ಗಾಣ ಹಾಕಲು ಹೊರಟವರು ಮೊದಲು ವಿಚಾರಿಸೋದು ಮೆಷಿನ್ ರೇಟು. ಅದು ಒಂದು ಸಲದ ಖರ್ಚು. ದಿನಾ ಕೈ ಕಚ್ಚೋದು ಬೇರೆ ಕಡೆ.

15 ಕಿಲೋ ಕಡ್ಲೆಬೀಜದ ಒಂದು ಒಬ್ಬೆಗೆ, ಅಂದ್ರೆ ಗಾಣಕ್ಕೆ ಒಂದು ಸಲ ಹಾಕೋ ಬೀಜಕ್ಕೆ, ಸುಮಾರು 6 ಕಿಲೋ ಎಣ್ಣೆ, ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ ಎಂಟೂವರೆ ಕಿಲೋ ಬರುತ್ತೆ. ಬೀಜ ಕಿಲೋಗೆ 120 ರೂಪಾಯಿ ಅಂತ ಇಟ್ಟುಕೊಳ್ಳಿ, 1,800 ಆಯ್ತು. ಎಣ್ಣೆ ನೀರಿಗಿಂತ ಹಗುರ, ಲೀಟರಿಗೆ ಸುಮಾರು 910 ಗ್ರಾಂ. ಹಾಗಾಗಿ 6 ಕಿಲೋ ಅಂದ್ರೆ 6.6 ಲೀಟರು, ಲೀಟರಿಗೆ ಬೀಜದ ಖರ್ಚೇ 273. ಹಿಂಡಿ ಕಿಲೋಗೆ 40ರಂತೆ ಹೋದರೆ 340 ವಾಪಸ್ಸು, ಲೀಟರಿನ ಖರ್ಚು 221ಕ್ಕೆ ಇಳಿಯುತ್ತೆ. ಕರೆಂಟು, ಕೂಲಿ, ಬಾಡಿಗೆ ಇದರ ಮೇಲೆ. ಹಿಂಡಿಯನ್ನ ಮೂಲೆಗೆ ಸುರಿದು ಬೂಸ್ಟು ಹಿಡಿಸಿದರೆ ಈ 52 ರೂಪಾಯಿ ಮಣ್ಣುಪಾಲು. ಕಿಲೋ ತೂಗಿ ಲೀಟರ್ ರೇಟಿಗೆ ಕೊಡೋರೂ ಇದ್ದಾರೆ. ಅವರು ಪ್ರತಿ ಸಲ 90 ಗ್ರಾಂ ಪುಕ್ಕಟೆ ಕೊಡ್ತಿರ್ತಾರೆ.

ಮುಂಗಾರಿನ ಕಾಯಿ ಕಿತ್ತು ಮಾರ್ಕೆಟ್ಟಿಗೆ ಬರೋ ಅಕ್ಟೋಬರ್, ನವೆಂಬರಲ್ಲೇ ಕೊಳ್ಳಬೇಕು, ಅದೂ ಸಿಪ್ಪೆ ಸಮೇತ. ಸುಲಿದ ಬೀಜಕ್ಕೆ ಹುಳ ಬೇಗ, ಕಮಟು ಇನ್ನೂ ಬೇಗ. 100 ಕಿಲೋ ಕಾಯಿ ಸುಲಿದರೆ 65ರಿಂದ 70 ಕಿಲೋ ಬೀಜ; ಜೊಳ್ಳು ಜಾಸ್ತಿ ಇದ್ದರೆ ಅದೂ ಇಲ್ಲ. ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಬೀಜ ಉಜ್ಜಿದರೆ ಹೊಟ್ಟು ಬಿಡಬೇಕು. ಮೂಟೆಗಳು ಹಲಗೆ ಮೇಲಿರಲಿ, ಗೋಡೆಗೆ ತಾಗದ ಹಾಗೆ.

ಬೂಸ್ಟು ಬಂದ ಬೀಜ, ಕಪ್ಪಾದ ಬೀಜ ಆರಿಸಿ ಎಸೆಯಿರಿ. ನಷ್ಟ ಅನ್ನಿಸುತ್ತೆ, ಆದರೆ ಬೂಸ್ಟಿನಿಂದ ಹುಟ್ಟೋ ಅಫ್ಲಟಾಕ್ಸಿನ್ ವಿಷ ಹೆಚ್ಚಾಗಿ ಉಳಿಯೋದು ಹಿಂಡಿಯಲ್ಲೇ. ಹಸು ತಿಂದರೆ ಹಾಲಿಗೂ ಇಳಿಯುತ್ತೆ.

ಅರೆಯುವಾಗ ಚಿಮುಕಿಸೋ ನೀರು ಒಂದು ಒಬ್ಬೆಗೆ ಅರ್ಧ ಲೀಟರ್ ದಾಟಬಾರದು. ತೀರಾ ಒಣಗಿದ ಬೀಜ ಪುಡಿಯಾಗಿ ಉದುರುತ್ತೆ, ಎಣ್ಣೆ ಬಿಡಲ್ಲ. ನೀರು ಹೆಚ್ಚಾದರೆ ಎಣ್ಣೆ ಎರಡು ದಿನ ಇಟ್ಟರೂ ತಿಳಿಯಾಗಲ್ಲ, ವಾಸನೆಯೂ ಬೇಗ ಬರುತ್ತೆ. ಆಗ ಗಿರಾಕಿ ಬೈಯೋದು ಮಾತ್ರ ಗಾಣವನ್ನೇ.

ರೈತರು ತಮ್ಮದೇ ಬೀಜ ತಂದು ಕೂಲಿಗೆ ಆಡಿಸ್ತಾರಲ್ಲ, ಜಗಳ ಹುಟ್ಟೋದೇ ಅಲ್ಲಿ: "ನಮ್ಮ ಬೀಜಕ್ಕೆ ಇಷ್ಟೇ ಎಣ್ಣೆನಾ?" ಬೀಜ, ಎಣ್ಣೆ, ಹಿಂಡಿ ಮೂರನ್ನೂ ಅವರೆದುರೇ ತೂಗಿ ಚೀಟಿ ಬರೆಯಿರಿ. ಎಣ್ಣೆ, ಹಿಂಡಿ ಎರಡರ ಮೊತ್ತ ಬೀಜದ ತೂಕಕ್ಕೆ ಹೆಚ್ಚುಕಮ್ಮಿ ಹೊಂದಿದರೆ ಮಾತು ಮುಗೀತು. ಹಿಂಡಿ ಯಾರಿಗೆ ಅನ್ನೋದು ಸ್ವಿಚ್ ಹಾಕೋ ಮೊದಲೇ ತೀರ್ಮಾನ ಆಗಿರಲಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ತಕ್ಕಡಿಗೆ ತೂಕ-ಅಳತೆ ಇಲಾಖೆಯ ಸೀಲು ಬೇಕೇ ಬೇಕು. ಡ್ರಮ್ಮಿಂದ ಬಿಡಿ ಎಣ್ಣೆ ಅಳೆದು ಮಾರೋ ಹಾಗಿಲ್ಲ.

ಸಾಲ ಕೊಡದೆ ನಮ್ಮೂರಲ್ಲಿ ವ್ಯಾಪಾರ ನಡೆಯಲ್ಲ. ಎಣ್ಣೆಯನ್ನ ನಗದಿಗೇ ಕೊಡಿ, ಹಿಂಡಿಯನ್ನ ಬೇಕಾದರೆ ಕಡ ಕೊಡಿ. ಹಸು ಕಟ್ಟಿದವರಿಗೆ ಡೇರಿ ಬಟವಾಡೆ ತಪ್ಪದೆ ಬರುತ್ತೆ. ಪುಸ್ತಕದಲ್ಲಿ ಹೆಸರಿನ ಪಕ್ಕ ಬಟವಾಡೆ ದಿನ ಬರೆದಿಟ್ಟು ಅವತ್ತು ಸಂಜೆಯೇ ಫೋನ್ ಮಾಡಿ. ಎರಡು ಬಟವಾಡೆ ಬಾಕಿ ನಿಂತ ಮನೆಗೆ ಮೂರನೇ ಮೂಟೆ ಬೇಡ.