ಬೋನ್ಸಾಯ್ ಬೀಜದ ಕಡತ: ಜೂನ್ ದಾಟಿದ ಮೇಪಲ್

ಆಗಸ್ಟ್ ಅರ್ಧ ಕಳೆದಿದೆ. ಶಿರಸಿಯಲ್ಲಿ ಜಡಿಮಳೆ ಇನ್ನೂ ನಿಂತಿಲ್ಲ. ಆದರೂ ಬೋನ್ಸಾಯ್ ಮಾಡಲೆಂದು ಬೀಜದಿಂದ ಬೆಳೆಸಿದ ನನ್ನ ಜಪಾನಿ ಮೇಪಲ್ ಸಸಿಗಳು ಸತ್ತಿಲ್ಲ! ಹಿಂದಿನ ವರ್ಷಗಳಲ್ಲಿ ಈ ಹೊತ್ತಿಗೆ ಟ್ರೇ ತೊಳೆದು ಅಟ್ಟಕ್ಕೆ ಹಾಕಿ ಆಗಿರುತ್ತಿತ್ತು.

ಬೀಜ ನೆನೆಸುವುದು, ತೇಲಿದ್ದನ್ನು ಎಸೆಯುವುದು, ಒದ್ದೆ ಸ್ಫ್ಯಾಗ್ನಮ್ ಪಾಚಿಯೊಂದಿಗೆ ಜಿಪ್ ಚೀಲಕ್ಕೆ ತುಂಬುವುದು ಎಲ್ಲರಿಗೂ ಗೊತ್ತಿರುವುದೇ. ಮೇಪಲ್ ಬೀಜಕ್ಕೆ 3–4 ತಿಂಗಳು ಸುಮಾರು 4 ಡಿಗ್ರಿಯ ತೇವದ ಚಳಿ ಬೇಕು, ಅದನ್ನು ಫ್ರಿಜ್ ಕೊಡುತ್ತದೆ. ನಮ್ಮೂರ ಚಳಿಯನ್ನು ನಂಬಿ ಕೂತರೆ ಬೀಜ ಏಳುವುದಿಲ್ಲ. ಕರೆಂಟು ಹೋದಾಗ ಚೀಲದ ಪಕ್ಕ ಮಂಜುಗಟ್ಟಿದ ನೀರಿನ ಬಾಟಲಿ ಇಟ್ಟು ಬಾಗಿಲು ತೆರೆಯದಿದ್ದರಾಯಿತು. ಜಾಗಕ್ಕಾಗಿ ಆಯಿಯೊಂದಿಗೆ ನಡೆದ ಮಾತುಕತೆಯ ವಿವರ ಬೇಡ. ತರಕಾರಿ ಇಡುವ ಡಬ್ಬಿಯ ಒಂದು ಮೂಲೆ ಸಿಕ್ಕಿದೆ, "ತಿನ್ನುವ ವಸ್ತುವಲ್ಲ" ಎಂದು ಚೀಲದ ಮೇಲೆ ದಪ್ಪಗೆ ಬರೆದಿರಬೇಕೆಂಬ ಷರತ್ತಿನ ಮೇಲೆ.

ಬೀಜ ಮಾರುವವರ ಬಗ್ಗೆ ಮಾತ್ರ ಒಂದು ಮಾತು ಆಡದೆ ಮುಂದೆ ಹೋಗಲಾರೆ. "ಬೋನ್ಸಾಯ್ ಬೀಜ" ಎಂಬ ಬೀಜವೇ ಲೋಕದಲ್ಲಿಲ್ಲ. ಇರುವುದು ಮಾಮೂಲಿ ಮರದ ಬೀಜ, ಕುಳ್ಳಗಾಗುವುದು ನಮ್ಮ ಕತ್ತರಿಯಿಂದ ಮತ್ತು ಕುಂಡದಿಂದ. ಆನ್‌ಲೈನಿನಲ್ಲಿ ನಾನು ತರಿಸಿದ ಪೊಟ್ಟಣದ ಮೇಲೆ ಕಡುನೀಲಿ ಎಲೆಯ ಮೇಪಲ್ ಚಿತ್ರವಿತ್ತು. ಅಂಥ ಮೇಪಲ್ ಕಂಪ್ಯೂಟರಿನಲ್ಲಷ್ಟೇ ಬೆಳೆಯುತ್ತದೆ. ಒಳಗಿದ್ದದ್ದು ಸಾಸಿವೆಗಿಂತ ತುಸು ದೊಡ್ಡ ಕಪ್ಪು ಕಾಳು. ಮೇಪಲ್ ಬೀಜಕ್ಕೆ ರೆಕ್ಕೆ ಇರುತ್ತದೆ, ರೆಕ್ಕೆ ಮುರಿದಿದ್ದರೂ ಅದರ ಬುಡ ಕಾಣುತ್ತದೆ. ಹಣ ವಾಪಸು ಕೇಳಿದ್ದಕ್ಕೆ "ನೀರು ಹೆಚ್ಚು ಹಾಕಿ" ಎಂಬ ಉತ್ತರ ಬಂತು.

ಇನ್ನು ಪ್ರತಿ ಮಳೆಗಾಲ ಸಸಿಗಳನ್ನು ಕೊಲ್ಲುತ್ತಿದ್ದ ಆ ಹಠಮಾರಿ ರೋಗ. ಬೇರೆ ಕಡೆಯಿಂದ ತರಿಸಿದ ಒಳ್ಳೆಯ ಬೀಜ ಫ್ರಿಜ್ಜಿನಲ್ಲೇ ಬೇರು ಬಿಡುತ್ತಿತ್ತು, ಟ್ರೇಗೆ ಹಾಕಿದರೆ ಬೀಜದಳ ಅರಳುತ್ತಿತ್ತು, ಮೊದಲ ಎಲೆಯೂ ಬರುತ್ತಿತ್ತು. ಜೂನ್ ಮೊದಲ ವಾರ ಮಳೆ ಹಿಡಿಯುತ್ತಿದ್ದಂತೆ ಮಣ್ಣಿನ ಮಟ್ಟದಲ್ಲಿ ಕಾಂಡ ನೀರುಗಟ್ಟಿ, ಸಣ್ಣಗಾಗಿ, ಎಲೆಯ ಹಸಿರು ಮಾಸುವ ಮೊದಲೇ ಸಸಿ ಅಡ್ಡ ಬೀಳುತ್ತಿತ್ತು. ತರಕಾರಿ ಬೆಳೆಯುವವರಿಗೆ ಚಿರಪರಿಚಿತವಾದ ಸಸಿ ಸಾಯುವ ರೋಗ. ದಾಲ್ಚಿನ್ನಿ ಪುಡಿ ಉದುರಿಸಿ ಎಂದರು. ಆ ಟ್ರೇ ಪಲಾವಿನ ಪರಿಮಳ ಬೀರುತ್ತಾ ಸತ್ತಿತು. ಹೈಡ್ರೋಜನ್ ಪೆರಾಕ್ಸೈಡ್ ಮೇಲಿನ ಬೂಷ್ಟನ್ನು ತೊಳೆಯಿತು, ಬುಡದ ಕೊಳೆಯನ್ನು ಮುಟ್ಟಲಿಲ್ಲ.

ಅಪ್ಪಯ್ಯ ಇದನ್ನೆಲ್ಲ ನೋಡಿ, ಕೊಳೆರೋಗ ತಡೆಯಲು ಅಡಿಕೆ ತೋಟಕ್ಕೆ ಹೊಡೆದು ಉಳಿದ ಬೋರ್ಡೋ ಮಿಶ್ರಣದ ಡ್ರಮ್ಮಿನ ಕಡೆ ಕೈ ತೋರಿಸಿದರು. ಸಲಹೆಯಲ್ಲಿ ತಿರುಳಿತ್ತು. ಅಡಿಕೆಗೆ ಕೊಳೆ ತರುವ ಫೈಟಾಫ್ತೋರಾ, ಸಸಿ ಉರುಳಿಸುವ ಪಿಥಿಯಂ ಒಂದೇ ಬಳಗದ ಸೂಕ್ಷ್ಮಜೀವಿಗಳು. ಎರಡರ ಬೀಜಾಣುಗಳೂ ನೀರಿನ ತೆಳುಪದರದಲ್ಲಿ ಈಜಿಕೊಂಡು ಹೋಗುತ್ತವೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ: ಇದು ನಮ್ಮ ಮನೆಯಲ್ಲಿ ಮಗ್ಗಿಯ ಜೊತೆಗೇ ಕಲಿಸುವ ಪಾಠ. ಹೊಡೆದೆ. ಬಿದ್ದ ಸಸಿ ಏಳಲಿಲ್ಲ, ನಿಂತವುಗಳ ಎಳೆಯ ಎಲೆಯಂಚು ಸುಟ್ಟಿತು.

"ಕೊಳೆ ಬಂದ ಮೇಲೆ ಯಾರಾದರೂ ಔಷಧಿ ಹೊಡೆಯುತ್ತಾರೆಯೇ? ಮಳೆಗೆ ಮುಂಚೆ ಹೊಡೆಯಬೇಕು" ಎಂದರು ಅಪ್ಪಯ್ಯ, ಡ್ರಮ್ಮು ತೋರಿಸಿದವರೇ ಅವರು ಎಂಬುದನ್ನು ಮರೆತು.

ಆ ಮಾತು ಔಷಧಿಗಿಂತ ಹೆಚ್ಚಾಗಿ ಕ್ಯಾಲೆಂಡರಿಗೆ ಅನ್ವಯಿಸಿತು. ಬೋನ್ಸಾಯ್ ಪಾಠಗಳೆಲ್ಲ ಹಿಮ ಬೀಳುವ ನಾಡಿನವು: ಚಳಿಗಾಲ ಪೂರ್ತಿ ಬೀಜಕ್ಕೆ ಚಳಿ, ವಸಂತದಲ್ಲಿ ಬಿತ್ತನೆ. ಅಲ್ಲಿ ವಸಂತದ ನಂತರ ಬರುವುದು ಹದವಾದ ಬೇಸಿಗೆ. ಇಲ್ಲಿ ಏಪ್ರಿಲ್‌ನಲ್ಲಿ ಬಿತ್ತಿದ ಸಸಿ ಎರಡು ತಿಂಗಳ ಎಳಸಾಗಿರುವಾಗಲೇ ಮಲೆನಾಡಿನ ಮಳೆಗೆ ಸಿಕ್ಕಿಬೀಳುತ್ತದೆ. ಕಾಂಡ ಗಟ್ಟಿಯಾಗಿ ಕಂದು ತೊಗಟೆ ಬಂದರೆ ಈ ರೋಗಕ್ಕೆ ಸುಲಭಕ್ಕೆ ತುತ್ತಾಗುವುದಿಲ್ಲ. ಹಾಗಾಗಿ ಈ ಸಲ ಬೀಜ ಫ್ರಿಜ್ ಸೇರಿದ್ದು ಸೆಪ್ಟೆಂಬರಿನಲ್ಲಿ, ಚೌತಿ ಮುಗಿದ ಕೂಡಲೇ. ಹೊರಬಂದದ್ದು ಡಿಸೆಂಬರ್ ಕೊನೆಗೆ. ನಮ್ಮಲ್ಲಿ ರಾತ್ರಿ ತಂಪು, ಹಗಲು ಒಣ ಹವೆ, ಬಿಸಿಲು ಮೃದು. ಮೇಪಲ್‌ಗೆ ಶಿರಸಿ ಕೊಡಬಹುದಾದ ವಸಂತ ಇದೇ. ಮಾರ್ಚಿನಿಂದ ನೆರಳುಬಲೆ ಕಟ್ಟಿದೆ. ಮಳೆ ಬರುವ ಹೊತ್ತಿಗೆ ಬುಡ ಕಂದಾಗಿತ್ತು.

ಮಣ್ಣೂ ಬದಲಾಗಿದೆ. ಬೋನ್ಸಾಯ್‌ಗೆ ಬಳಸುವ ಜಪಾನಿನ ಹರಳು ಮಣ್ಣು ಅಕಡಾಮದ ಬೆಲೆ ಕೇಳಿದ ಮೇಲೆ ಕೋಕೋಪೀಟ್‌ನಲ್ಲೇ ಕಾಲ ತಳ್ಳುತ್ತಿದ್ದೆ. ಮಳೆಗಾಲದಲ್ಲಿ ಅದು ಒಣಗುವ ಮಾತೇ ಇಲ್ಲ. ಈಗ ಚಿರೇಕಲ್ಲು ಕುಟ್ಟಿ, ಜರಡಿ ಹಿಡಿದು, 2–4 ಮಿಲಿಮೀಟರಿನ ಚೂರನ್ನು ದೂಳು ಹೋಗುವವರೆಗೆ ತೊಳೆದು ಹಾಕುತ್ತೇನೆ. ದೂಳು ಉಳಿದರೆ ಕೆಸರಾಗಿ ಎಲ್ಲ ಶ್ರಮವೂ ವ್ಯರ್ಥ. ನೀರು ಕೊಡುವುದು ತಟ್ಟೆಯಿಂದ, ಮೇಲ್ಮೈ ಒಣಗಿರಲಿ ಎಂದು. ಟ್ರೇ ಜಗುಲಿಯ ಮಾಡಿನ ಕೆಳಗಿದೆ, ಪಕ್ಕದಲ್ಲಿ ಸಣ್ಣ ಫ್ಯಾನು. "ಗಿಡಕ್ಕೆ ಫ್ಯಾನು, ನನಗೆ ಬೀಸಣಿಕೆ" ಎಂದು ಆಯಿ ನೆಂಟರ ಮುಂದೆ ಹೇಳುತ್ತಿದ್ದಾಳೆ.

ಮೇಪಲ್‌ಗೆ ಪ್ರತಿವರ್ಷ ನಿಜವಾದ ಚಳಿಗಾಲದ ವಿಶ್ರಾಂತಿ ಬೇಕು, ಅದು ಇಲ್ಲಿ ಸಿಗುವುದಿಲ್ಲ. ಕುಂಡವನ್ನೇ ಫ್ರಿಜ್ಜಿಗಿಡುವ ಪ್ರಸ್ತಾಪವನ್ನು ಮನೆಯಲ್ಲಿ ಇನ್ನೂ ಮಂಡಿಸಿಲ್ಲ. ಅದಕ್ಕೇ ಕಣ್ಣು ಕಾರವಾರದ ಕಡೆ ಹೊರಳಿದೆ. ಅಲ್ಲಿನ ಕಡಲಂಚಿನ ಗಾಳಿಮರ ದೂರಕ್ಕೆ ಥೇಟು ಪೈನ್. ಕಾಯಿ ಒಣಗಿಸಿದರೆ ಬೀಜ ತಾನೇ ಉದುರುತ್ತದೆ, ಚಳಿಯ ಗೊಡವೆಯಿಲ್ಲ, ಒಂದೆರಡು ವಾರದಲ್ಲಿ ಮೊಳೆಯುತ್ತದೆ, ಉಪ್ಪುಗಾಳಿಗೆ ಜಗ್ಗುವುದಿಲ್ಲ. ಅಲ್ಲಿರುವ ಗೆಳೆಯನಿಗೆ ಕಾಯಿ ಆರಿಸಿಡಲು ಹೇಳಿದ್ದೇನೆ, ಬದಲಿಗೆ ನಮ್ಮ ಕಡೆಯ ಸಿಹಿತಿಂಡಿ ತೊಡೆದೇವು ಒಂದು ಡಬ್ಬಿ ಕೇಳಿದ್ದಾನೆ.

ಜೊತೆಗೆ ಈ ಸಲ ಜಪಾನಿ ಕಪ್ಪು ಪೈನ್ ಕೂಡ. ಅದಕ್ಕೆ ಒಂದೆರಡು ತಿಂಗಳ ಚಳಿ ಸಾಕಾದ್ದರಿಂದ ಅಕ್ಟೋಬರ್ ಕೊನೆಗೆ ಫ್ರಿಜ್ಜಿಗಿಟ್ಟರೂ ನಡೆಯುತ್ತದೆ. ನಂಬಬಹುದಾದ ಬೀಜದ ಅಂಗಡಿ ಗೊತ್ತಿದ್ದವರು ಅಷ್ಟರೊಳಗೆ ತಿಳಿಸಿ. ನೀಲಿ ಎಲೆಯವರು ಬೇಡ.