ಹಾಯಿದೋಣಿ ಪ್ರವಾಸಕ್ಕೆ ಪಟ್ಟಿ ಹಾಕುವಾಗ ಮೊದಲು ಗಾಳಿ ನೋಡಿ

ಬಸ್ ಪ್ರವಾಸದ ಪಟ್ಟಿ, ಅಂದರೆ ಯಾವ ದಿನ ಎಲ್ಲಿ ಎಂದು ಬರೆಯುವ ಪಟ್ಟಿ, ಹಾಕುವುದು ಒಂದು ಕೆಲಸ, ಹಾಯಿದೋಣಿ ಪ್ರವಾಸದ ಪಟ್ಟಿ ಹಾಕುವುದು ಬೇರೆಯೇ ಕೆಲಸ. ವಿಜಯಪುರದಲ್ಲಿ ಟ್ರಾವೆಲ್ಸ್ ಆಫೀಸು ನಡೆಸುವ ನನಗೆ ಇದು ಚೆನ್ನಾಗಿ ಮನದಟ್ಟಾದದ್ದು ಕ್ರೊಯೇಷಿಯಾದಲ್ಲಿ.

ನಮ್ಮಲ್ಲಿಗೆ ಕಾಶಿ, ದುಬೈ ಕೇಳಿಕೊಂಡು ಬರುವವರೇ ಜಾಸ್ತಿ. ಈ ಸಲ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಒಂದು ಗುಂಪು ಹಾಯಿದೋಣಿಯಲ್ಲಿ ವಾರ ಕಳೆಯಬೇಕು ಎಂದು ಬಂತು. ಅಕ್ಟೋಬರ್ ಚಾಟ್ನಿಗೆ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸಕ್ಕೆ, ಮುಂಚೆ ಸೆಪ್ಟೆಂಬರ್‌ನಲ್ಲಿ ಅವರಿಗೆ ಸ್ವಲ್ಪ ಬಿಡುವು. ಸ್ಪ್ಲಿಟ್‌ನಿಂದ ದುಬ್ರೊವ್ನಿಕ್‌ವರೆಗೆ ಡಾಲ್ಮೇಷಿಯಾ ಕರಾವಳಿ ಇಳಿಯುವುದು ಎಂದು ಗೊತ್ತಾಯಿತು. ದೋಣಿ ನಡೆಸಲು ಅಲ್ಲಿನವರೇ ಒಬ್ಬ ಸ್ಕಿಪ್ಪರ್. ನಾನೂ ಜೊತೆಗೆ ಹೊರಟೆ.

ಆ ಕರಾವಳಿ ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಾಯೆಸ್ತ್ರಾಲ್ ಎಂಬ ಗಾಳಿ ವಾಯವ್ಯದಿಂದ ಬೀಸುತ್ತದೆ. ದುಬ್ರೊವ್ನಿಕ್ ಕಡೆ ಕೆಳಗೆ ಹೋಗುವ ದೋಣಿಗೆ ಅದು ಬೆನ್ನ ಹಿಂದಿನ ಗಾಳಿ, ಆರಾಮ. ಯೂಗೊ ಇದಕ್ಕೆ ತದ್ವಿರುದ್ಧ. ಆಗ್ನೇಯದಿಂದ ಬರುತ್ತದೆ, ಮೋಡ ಮಳೆ ತರುತ್ತದೆ, ಒಮ್ಮೊಮ್ಮೆ ದಿನಗಟ್ಟಲೆ ಬೀಸಿ ಅಲೆ ಎಬ್ಬಿಸುತ್ತದೆ. ಮೂರನೆಯದು ಬುರಾ. ಬೆಟ್ಟದ ಕಡೆಯಿಂದ, ಅಂದರೆ ಈಶಾನ್ಯದಿಂದ, ದಿಢೀರನೆ ನುಗ್ಗುವ ತಣ್ಣನೆಯ ಗಾಳಿ.

ನಮಗೆ ಸಿಕ್ಕಿದ್ದು ಯೂಗೊ. ಹ್ವಾರ್ ದ್ವೀಪದ ಹ್ವಾರ್ ಪಟ್ಟಣದಲ್ಲಿ ತಂಗಬೇಕಿತ್ತು. ಸ್ಕಿಪ್ಪರ್ ಅದನ್ನು ಬಿಟ್ಟು ದ್ವೀಪದ ಉತ್ತರ ಬದಿಯ ಸ್ತಾರಿ ಗ್ರಾದ್‌ಗೆ ದೋಣಿ ತಿರುಗಿಸಿದರು. ಉದ್ದನೆಯ ಕೊಲ್ಲಿಯ ತುದಿಯಲ್ಲಿರುವ ಊರು ಅದು. ದೋಣಿಯನ್ನು ಹಿಮ್ಮುಖವಾಗಿ ಕಟ್ಟೆಗೆ ತಂದರು. ಹಿಂಭಾಗದಿಂದ ಎರಡು ಹಗ್ಗ ಎಸೆದದ್ದೇ ತಡ, ಬಂದರಿನವರು ಹಿಡಿದು ಉಂಗುರಕ್ಕೆ ಸಿಗಿಸಿದರು. ಆಮೇಲೆ ನೀರಿನ ತಳದಿಂದ ಬರುವ ಹಗ್ಗವನ್ನು ಕೊಕ್ಕೆಯಿಂದ ಎತ್ತಿ ಮುಂಭಾಗಕ್ಕೆ ಎಳೆದು ಬಿಗಿಯಬೇಕು. ಹಗ್ಗದ ತುಂಬ ಕೆಸರು, ಪಾಚಿ. ನಮ್ಮ ಹುಡುಗರಿಬ್ಬರು ಅದನ್ನು ಜಗ್ಗಿ ಕಟ್ಟಿದರು.

ಮರುದಿನವೂ ಅಲ್ಲೇ. ಗುಂಪಿನ ಹಿರಿಯರು, ಎಲ್ಲರೂ ಕಾಕಾ ಅನ್ನುವವರು, ನನ್ನನ್ನು ಕೇಳಿದರು: ‘ಹ್ವಾರ್ ತೋರಸ್ತೀನಿ ಅಂದಿದ್ರಿ, ಇಲ್ಲೇ ಯಾಕ ಕುಂತೀವ್ರಿ?’ ಕೇಳುವುದು ನ್ಯಾಯವೇ, ರೊಕ್ಕ ಕೊಟ್ಟವರು. ಸ್ಕಿಪ್ಪರ್ ನಕ್ಷೆ ಬಿಡಿಸಿ, ಹ್ವಾರ್ ಬಂದರಿನ ಬಾಯಿ ದಕ್ಷಿಣದ ಕಡೆಗಿರುವುದನ್ನು ಬೆರಳಿಟ್ಟು ತೋರಿಸಿದರು. ಯೂಗೊ ಇದ್ದಾಗ ಅಲೆ ನೇರ ಒಳಗೆ ಬರುತ್ತದೆ, ರಾತ್ರಿ ದೋಣಿ ನಿಲ್ಲುವುದಿಲ್ಲ ಎಂದರು. ಕಾಕಾ ಅರೆಗಳಿಗೆ ನೋಡಿ, ‘ಹೌದಪಾ, ಹೂ ಬಿಟ್ಟಾಗ ಮಳಿ ಬಂದ್ರ ನಾವೂ ಡೌನಿಗೆ ಹೆದರತೀವಲ್ಲ’ ಎಂದರು. ಡೌನಿ ಅಂದರೆ ದ್ರಾಕ್ಷಿಗೆ ಬರುವ ಬೂಜು ರೋಗ. ಮುಂದೆ ಯಾರೂ ಆ ಮಾತೆತ್ತಲಿಲ್ಲ. ಹ್ವಾರ್ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಬಂದೆವು. ಸುಮಾರು 20 ಕಿಲೋಮೀಟರ್ ಅಷ್ಟೇ.

ನಿಜವಾದ ಸಂತೋಷ ಸಿಕ್ಕಿದ್ದು ಸ್ತಾರಿ ಗ್ರಾದ್‌ನ ಬಯಲಿನಲ್ಲಿ. ಕ್ರಿ.ಪೂ. 384ರಲ್ಲಿ ಪಾರೋಸ್ ದ್ವೀಪದಿಂದ ಬಂದ ಗ್ರೀಕರು ಇಲ್ಲಿ ಊರು ಕಟ್ಟಿ, ಹೊಲಗಳನ್ನು ಅಳೆದು ಕಲ್ಲಿನ ಒಡ್ಡು ಹಾಕಿದರು. ಆ ಗಡಿಗಳೊಳಗೇ ಇವತ್ತಿಗೂ ದ್ರಾಕ್ಷಿ, ಆಲಿವ್ ಬೆಳೆಯುತ್ತಾರೆ. 2008ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ನಮ್ಮವರು ಒಡ್ಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣು ಕೈಗೆತ್ತಿಕೊಂಡು ತಿಕ್ಕಿ ನೋಡಿದರು. ಹಳೆಯ ಪದ್ಧತಿಯ ಗಿಡಗಳಿಗೆ ಚಪ್ಪರವಿಲ್ಲ, ಪೊದೆಯಂತೆ ಗಿಡ್ಡ. ಮಳೆ ನೀರು ಹಿಡಿದಿಡುವ ಕಲ್ಲಿನ ತೊಟ್ಟಿಗಳ ವಿಚಾರ ಬಂದಾಗಂತೂ ಪ್ರಶ್ನೆಗಳು ನಿಲ್ಲಲೇ ಇಲ್ಲ. ಬರಗಾಲ ಕಂಡ ಜಿಲ್ಲೆಯವರಲ್ವಾ! ಇಂಥ ಅರ್ಧ ದಿನವನ್ನು ನಾನು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ.

ಈಗ ಪಟ್ಟಿ ಹಾಕುವಾಗ ಪ್ರತಿ ರಾತ್ರಿಗೆ ಎರಡು ಬಂದರು ಬರೆಯುತ್ತೇನೆ. ಪಕ್ಕದಲ್ಲೇ ಆ ಬಂದರಿನ ಬಾಯಿ ಯಾವ ದಿಕ್ಕಿಗೆ ಎಂದೂ ಬರೆಯುತ್ತೇನೆ. ವಿಸ್ ದ್ವೀಪವನ್ನೇ ತಗೊಳ್ಳಿ. ಯುಗೊಸ್ಲಾವಿಯಾ ಸೇನೆಯ ನೆಲೆಯಾಗಿ 1989ರವರೆಗೆ ವಿದೇಶಿಯರಿಗೆ ಮುಚ್ಚಿದ್ದ ಜಾಗ, ಹಾಗಾಗಿ ಇನ್ನೂ ಶಾಂತವಾಗಿದೆ. ಅಲ್ಲಿ ವಿಸ್ ಪಟ್ಟಣದ ಕೊಲ್ಲಿ ಈಶಾನ್ಯಕ್ಕೆ ತೆರೆದಿದೆ, ಬುರಾ ಬಂದರೆ ಕಷ್ಟ. ಅದೇ ದ್ವೀಪದ ಇನ್ನೊಂದು ಬಂದರು ಕೊಮಿಝಾ ಇರುವುದು ಪಶ್ಚಿಮಕ್ಕೆ. ಈ ಮಾತನ್ನು ಅಡ್ವಾನ್ಸ್ ತಗೊಳ್ಳುವ ಮೊದಲೇ, ಗಿರಾಕಿಯ ಮುಂದೆ ನಕ್ಷೆ ಹಾಸಿ ಹೇಳುತ್ತೇನೆ. ದೋಣಿ ಎಲ್ಲಿ ನಿಲ್ಲಬೇಕು ಎನ್ನುವುದರಲ್ಲಿ ಸ್ಕಿಪ್ಪರ್ ಮಾತೇ ಕೊನೆ ಎಂದೂ ಬರೆದು ಕೊಡುತ್ತೇನೆ.

ಊಟದ್ದೂ ಒಂದು ಮಾತು. ಕಟಕ ರೊಟ್ಟಿ, ಶೇಂಗಾ ಚಟ್ನಿ ಧಾರಾಳವಾಗಿ ಒಯ್ಯಬಹುದು. ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಬಿಡುವುದಿಲ್ಲ, ಪೇಡೆ ಮನೆಯಲ್ಲೇ ಇರಲಿ. 2023ರ ಜನವರಿಯಿಂದ ಕ್ರೊಯೇಷಿಯಾ ಷೆಂಗೆನ್‌ಗೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟಕ್ಕೆ, ಸೇರಿದೆ, ವೀಸಾ ಅದೇ ಬೇಕು. ಹಣ ಯೂರೋ.

ಸ್ಪ್ಲಿಟ್‌ನಲ್ಲಿ ಹತ್ತಿ ದುಬ್ರೊವ್ನಿಕ್‌ನಲ್ಲಿ ಇಳಿದರೆ ಖಾಲಿ ದೋಣಿಯನ್ನು ವಾಪಸ್ ಒಯ್ಯುವ ಖರ್ಚು ಸಾಮಾನ್ಯವಾಗಿ ಬೇರೆ ಬೀಳುತ್ತದೆ. ಆದರೂ ನಾನು ಅದನ್ನೇ ಹೇಳುತ್ತೇನೆ, ಯಾಕೆಂದರೆ ವಾಪಸ್ ದಾರಿಯಲ್ಲಿ ಮಾಯೆಸ್ತ್ರಾಲ್ ಎದುರಿಗೆ ಹೊಡೆಯುತ್ತದೆ. ದುಬ್ರೊವ್ನಿಕ್‌ನ ಮರೀನಾ, ಅಂದರೆ ಹಾಯಿದೋಣಿಗಳು ತಂಗುವ ಬಂದರು, ಹಳೆ ಪೇಟೆಯ ಹತ್ತಿರವಿಲ್ಲ, ಊರಾಚೆ ಕೊಮೊಲಾಟ್ಸ್‌ನಲ್ಲಿದೆ. ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು. ಕೋಟೆ ಗೋಡೆಯ ಸುತ್ತು 1,940 ಮೀಟರ್, ಮೆಟ್ಟಿಲು ಬಹಳ. ವಯಸ್ಸಾದವರಿದ್ದರೆ ಬಿಸಿಲೇರುವ ಮೊದಲೇ ಕರೆದುಕೊಂಡು ಹೋಗಿ.